ಭಾಷೆ ಕಲಿಸೋದಾ, ಪಾಠ ಕಲಿಸೋದಾ? ಎರಡನೇ ಭಾಷೆಯಲ್ಲಿ ವಿಷಯ ಬೋಧಿಸೋ ಶಿಕ್ಷಕರ ತರಬೇತಿಗೆ 5 ದಿನ ಇದೆ, ಏನಿಡಲಿ?

ಸೀಮೆಸುಣ್ಣ
ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟು ಇಲ್ಲಿಗೆ ಬಂದಿದ್ದೀನಿ. 14 ವರ್ಷದಿಂದ ವಿಜ್ಞಾನ ಪಾಠ ಮಾಡ್ತಿರೋಳು ನಾನು. ಮುಂದಿನ ವರ್ಷದಿಂದ ನಮ್ಮಲ್ಲಿ ವಿಜ್ಞಾನ, ಗಣಿತ, ಸಮಾಜ ಮೂರೂ ಇಂಗ್ಲಿಷಿನಲ್ಲಿ ನಡೀಬೇಕಂತೆ. ಮಕ್ಕಳಿಗೂ ಅದು ಎರಡನೇ ಭಾಷೆ, ನಮಗೂ ಎರಡನೇ ಭಾಷೆ. ಆ ತೀರ್ಮಾನ ಸರಿಯೋ ತಪ್ಪೋ ಅನ್ನೋ ಜಗಳ ದಯವಿಟ್ಟು ಇಲ್ಲಿ ಬೇಡ (ಬಂದೇ ಬರುತ್ತೆ ಅಂತ ಗೊತ್ತು, ಆದರೂ). ನನ್ನ ಕೊರಳಿಗೆ ಬಿದ್ದಿರೋದು ಬೇರೆ: 22 ಜನ ಸಹೋದ್ಯೋಗಿಗಳಿಗೆ 5 ದಿನದ ತರಬೇತಿ ನಾನೇ ಕೊಡಬೇಕು.

ಹಿಂದೆ ಇಂಥದ್ದೇ ಒಂದು ತರಬೇತಿಗೆ ನಾನೂ ಕೂತಿದ್ದೆ. ಐದೂ ದಿನ ಟೆನ್ಸು, ಆ್ಯಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು, ಉಚ್ಚಾರಣೆ. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ, ಗ್ರೂಪ್ ಫೋಟೋ. ಸೋಮವಾರ ತರಗತಿಗೆ ಹೋದೆ, ಉಷ್ಣದ ಪಾಠ. ಹಿಂದಿನ ಸಾಲಿನ ಹುಡುಗಿ ಕೇಳಿದಳು, 'ಮಿಸ್, ಹೀಟೂ ಟೆಂಪರೇಚರೂ ಒಂದೇನಾ?' ಕನ್ನಡದಲ್ಲಾದರೆ ಹತ್ತು ನಿಮಿಷ ಮಾತಾಡ್ತಿದ್ದೆ. ಒಂದು ಲೋಟ ಕುದಿಯೋ ನೀರು, ಒಂದು ಹಂಡೆ ಉಗುರುಬೆಚ್ಚಗಿನ ನೀರು, ಯಾವುದರ ತಾಪ ಜಾಸ್ತಿ, ಯಾವುದನ್ನ ಬಿಸಿ ಮಾಡೋಕೆ ಉಷ್ಣ ಜಾಸ್ತಿ ಬೇಕಾಯ್ತು ಅಂತ ಶುರು ಮಾಡ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದಿದ್ದು ಎರಡೇ ಪದ: 'ನೋ, ಡಿಫರೆಂಟ್.'

ಆ ತರಬೇತಿಯನ್ನೇ ನಾನೂ ಇನ್ನೊಬ್ಬರಿಗೆ ಉಣಬಡಿಸೋಕೆ ಮನಸ್ಸಿಲ್ಲ. ಏನಿಡಲಿ, ಏನು ಬಿಡಲಿ? ಮಾಡಿದ ಅನುಭವ ಇರೋರು ಹೇಳಿ.

ಮೂರನೇಬೆಂಚು
'ನೋ, ಡಿಫರೆಂಟ್' ಓದಿ ನಕ್ಕು ನಕ್ಕು ಸಾಕಾಯ್ತು ಮೇಡಂ. ನಾನು ಮೇಷ್ಟ್ರಾಗಿ ಮೊದಲ ವರ್ಷ ಪೂರ್ತಿ 'ಸೀ ದ ಬೋರ್ಡ್' ಅನ್ನೋ ಒಂದೇ ವಾಕ್ಯದಲ್ಲಿ ಕಳೆದಿದ್ದೀನಿ.

ಹಳೇಮೇಷ್ಟ್ರು
ನಗುವ ವಿಷಯವಲ್ಲ ಇದು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಶಿಕ್ಷಕರಿಗೆ ಭಾಷೆಯೇ ಬಾರದಿದ್ದರೆ ವಿಧಾನ ಕಟ್ಟಿಕೊಂಡು ಏನು ಮಾಡುವುದು? ಬಾವಿಯಲ್ಲೇ ನೀರಿಲ್ಲ, ನೀವು ಹಗ್ಗ ಯಾವುದು, ರಾಟೆ ಯಾವುದು ಎಂದು ಕೇಳುತ್ತಿದ್ದೀರಿ. ಮೊದಲು ಆರು ತಿಂಗಳು ಭಾಷೆ ಗಟ್ಟಿ ಮಾಡಿಸಿ. ವ್ಯಾಕರಣ ಕಲಿಸಿದ ಆ ತರಬೇತಿಯನ್ನು ಹಳಿಯುವ ಅಗತ್ಯ ನನಗೆ ಕಾಣುವುದಿಲ್ಲ. 5 ದಿನ ಸಾಲಲಿಲ್ಲ, ಅಷ್ಟೆ.

ಕರಿಹಲಗೆ
ಮೇಷ್ಟ್ರೇ, ಅರ್ಧ ಒಪ್ಪಿದೆ. ಭಾಷೆ ಬೇಕು, ಆದರೆ ಯಾವ ಭಾಷೆ? ಸೀಮೆಸುಣ್ಣ ಅವರ ಘಟನೇನೇ ತಗೊಳ್ಳಿ. ಅವರಿಗೆ ಟೆನ್ಸ್ ಗೊತ್ತಿರಲಿಲ್ಲ ಅಂತಲ್ಲ. ಎರಡು ವಿಷಯಗಳನ್ನ ಹೋಲಿಸಿ ಬೇರೆ ಮಾಡಿ ಹೇಳೋ ವಾಕ್ಯಗಳು ನಾಲಿಗೆ ತುದೀಲಿ ಇರಲಿಲ್ಲ. 'ಹೀಟ್ ಈಸ್ ಮೆಷರ್ಡ್ ಇನ್ ಜೂಲ್ಸ್, ವೇರ್‌ಆ್ಯಸ್ ಟೆಂಪರೇಚರ್ ಈಸ್ ಮೆಷರ್ಡ್ ಇನ್ ಡಿಗ್ರೀಸ್.' ಇಂಥ ಏಳೆಂಟು ಅಚ್ಚುಗಳಿದ್ದರೆ ಅವತ್ತಿನ ಪಾಠ ದಡ ಸೇರ್ತಿತ್ತು. ಅದೇ ಅಚ್ಚು ನಾಳೆ ದ್ರವ್ಯರಾಶಿ–ತೂಕಕ್ಕೆ, ನಾಡಿದ್ದು ಅಪಧಮನಿ–ಅಭಿಧಮನಿಗೆ ಆಗುತ್ತೆ. ವ್ಯಾಕರಣ ಪುಸ್ತಕದಲ್ಲಿ ಇದು 'ಹೋಲಿಕೆ' ಅನ್ನೋ ಅಧ್ಯಾಯವಾಗಿ ಸಿಗಲ್ಲ, ಎಲ್ಲೆಲ್ಲೋ ಚೆದುರಿರುತ್ತೆ.

ನಾನು ಹಲವು ವರ್ಷ ಇದೇ ತರಬೇತಿ ಕೆಲಸ ಮಾಡಿದ್ದೀನಿ. ಇದಕ್ಕೆ ಯುರೋಪಿನಲ್ಲಿ 'ಕ್ಲಿಲ್' ಅಂತಾರೆ, 1994ರಲ್ಲಿ ಡೇವಿಡ್ ಮಾರ್ಷ್ ಚಲಾವಣೆಗೆ ತಂದ ಹೆಸರು. ವಿಷಯ, ಭಾಷೆ ಎರಡನ್ನೂ ಒಟ್ಟಿಗೆ ಹೆಣೆದು ಕಲಿಸೋದು. ಅದರಲ್ಲಿ ಡೂ ಕೊಯ್ಲ್ ಅನ್ನೋರು ಭಾಷೆಯನ್ನ ಮೂರಾಗಿ ಬಿಡಿಸ್ತಾರೆ, ಅದು ತರಬೇತಿಗೆ ಬಹಳ ಉಪಯೋಗ. ಒಂದು, ವಿಷಯದ್ದೇ ಭಾಷೆ: ಆವಿಯಾಗು, ಹೀರಿಕೊ, ವಾಹಕ. ಇನ್ನೊಂದು, ತರಗತಿ ನಡೆಸೋಕೆ ಬೇಕಾದ ಭಾಷೆ: ಜೋಡಿಯಾಗಿ ಚರ್ಚಿಸು, ನಾನು ಒಪ್ಪಲ್ಲ ಯಾಕಂದ್ರೆ, ಇನ್ನೊಮ್ಮೆ ಹೇಳ್ತೀರಾ. ಮೂರನೇದು ಪಾಠ ನಡೀತಾ ನಡೀತಾ ತಾನಾಗಿ ಹುಟ್ಟೋ ಭಾಷೆ. ಆ ಹುಡುಗಿ ಕೇಳಿದ್ದು ಇದೇ ಮೂರನೇದು. ಮೊದಲೆರಡನ್ನ ಸಿದ್ಧ ಮಾಡ್ಕೊಂಡು ಹೋದೋರಿಗೆ ಮೂರನೇದು ಬಂದಾಗ ಕೈಕಾಲು ಬಿಡಲ್ಲ.

ಪದಬಂಧ
ಕ್ಲಿಲ್! ಬಾಗಿಲ ಚಿಲಕ ಬಿದ್ದ ಸದ್ದಿನ ಹಾಗಿದೆ. ಇದಕ್ಕೊಂದು ಕನ್ನಡದ ಹೆಸರು ಯಾರಾದರೂ ಕಟ್ಟಿ. 'ಪಾಠನುಡಿ'? 'ಜೋಡಿಕಲಿಕೆ'?

ಮೂರನೇಬೆಂಚು
'ಒಂದೇ ಏಟಿಗೆ ಎರಡು ಹಕ್ಕಿ' ಅಂತಿಡಿ. ನನ್ನ ತರಗತೀಲಿ ಎರಡೂ ಹಾರಿಹೋಗಿವೆ.

ಗಣಿತದಹುಚ್ಚ
ಗಣಿತದೋರು ಯಾವಾಗಲೂ 'ನಮಗೇನು, ಅಂಕಿಗೆ ಭಾಷೆ ಇಲ್ಲ' ಅಂತ ಇಂಥ ತರಬೇತಿಯಿಂದ ನುಣುಚಿಕೊಳ್ತಾರೆ. ನಾನೂ ಹಾಗೇ ಅಂತಿದ್ದೆ. ಆಮೇಲೆ ಮಕ್ಕಳ ತಪ್ಪುಗಳನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋಕೆ ಶುರು ಮಾಡಿದೆ. ಕಣ್ಣು ತೆರೀತು.

ಭಿನ್ನರಾಶಿ ನೋಡಿ. ಕನ್ನಡದಲ್ಲಿ 'ನಾಲ್ಕರಲ್ಲಿ ಮೂರು ಭಾಗ' ಅಂತೀವಿ. ಛೇದ ಮೊದಲು, ಅಂಶ ಆಮೇಲೆ. ಪೂರ್ತಿ ಎಷ್ಟು ಅಂತ ಹೇಳಿ, ಅದರಲ್ಲಿ ಎಷ್ಟು ತಗೊಂಡೆ ಅಂತ ಹೇಳ್ತೀವಿ. ಇಂಗ್ಲಿಷಿನಲ್ಲಿ 'ತ್ರೀ ಫೋರ್ತ್ಸ್', ಅಂಶ ಮೊದಲು. ಮಗು ಕಿವೀಲಿ ಕೇಳಿದ ಕ್ರಮದಲ್ಲಿ ಬರೆದರೆ ಒಂದು ಭಾಷೇಲಿ ಕೆಳಗಿಂದ ಮೇಲೆ ಬರೀಬೇಕು, ಇನ್ನೊಂದರಲ್ಲಿ ಮೇಲಿಂದ ಕೆಳಗೆ.

ಕಳೆಯೋದು ಇನ್ನೂ ಮಜಾ. '8ರಿಂದ 5 ಕಳೆ.' ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ 8 − 5, ಸರಿ. 'ಸಬ್‌ಟ್ರ್ಯಾಕ್ಟ್ ಫೈವ್ ಫ್ರಮ್ ಏಟ್.' ಕ್ರಮದಲ್ಲೇ ಬರೆದರೆ 5 − 8. ಅಷ್ಟೇ ಅಲ್ಲ, 'ಫೈವ್ ಲೆಸ್ ದ್ಯಾನ್ ಏಟ್' ಅಂದ್ರೆ ಮೂರು, 'ಫೈವ್ ಈಸ್ ಲೆಸ್ ದ್ಯಾನ್ ಏಟ್' ಅಂದ್ರೆ ಹೋಲಿಕೆ. ನಡುವೆ ಇರೋದು 'ಈಸ್' ಅನ್ನೋ ಒಂದು ಸಾಸಿವೆಕಾಳು. ಇದನ್ನ ಇಂಗ್ಲಿಷ್ ಮೇಷ್ಟ್ರು ಹೇಳಿಕೊಡಲ್ಲ, ಅದು ಗಣಿತದ್ದು ಅಂತಾರೆ. ಗಣಿತದೋರು ಹೇಳಲ್ಲ, ಅದು ಇಂಗ್ಲಿಷು ಅಂತಾರೆ. ಮಗು ಮಧ್ಯದಲ್ಲಿ ಸೊನ್ನೆ ತಗೊಳ್ಳುತ್ತೆ.

ಹಾಗಾಗಿ ನನ್ನ ಸಲಹೆ: ತರಬೇತಿಗೆ ಬರೋ ಪ್ರತಿಯೊಬ್ಬರೂ ತಮ್ಮ ಪಠ್ಯಪುಸ್ತಕದ ಒಂದು ಅಧ್ಯಾಯ ತರಲಿ. ಪೆನ್ಸಿಲ್ ಹಿಡಿದು ಅದರ ಭಾಷೆಯ ಗುಂಡಿಗಳನ್ನ ಹುಡುಕಲಿ. ಅರ್ಧ ದಿನ ಇದಕ್ಕೇ ಕೊಡಿ.

ಹಳೇಮೇಷ್ಟ್ರು
ಕಳೆಯುವ ಉದಾಹರಣೆ ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ 'ಲೆಸ್ ದ್ಯಾನ್', 'ಫ್ರಮ್' ಬಂದಲ್ಲಿ ಇದೇ ರೀತಿ ಎಡವುತ್ತಾರೆ. ಎಲ್ಲವನ್ನೂ ಎರಡನೇ ಭಾಷೆಯ ತಲೆಗೆ ಕಟ್ಟಬೇಡಿ.

ಗಣಿತದಹುಚ್ಚ
ಒಪ್ಪಿದೆ ಮೇಷ್ಟ್ರೇ. ಆದರೆ ಅವರಿಗೆ ಇರೋದು ಒಂದು ಗುಂಡಿ, ನಮ್ಮ ಮಕ್ಕಳಿಗೆ ಗುಂಡಿಯ ಜೊತೆ ಕತ್ತಲೆ.

ಪುಟತಿರುವು
ಪೆನ್ಸಿಲ್ ಹಿಡಿದು ಹುಡುಕೋ ಕೆಲಸಕ್ಕೆ ಒಂದು ಎಚ್ಚರಿಕೆ. ನಾವೂ ಮಾಡಿದ್ವಿ. ಎಲ್ಲರೂ ಉದ್ದುದ್ದ ಪದಗಳಿಗೆ ಗೆರೆ ಎಳೆದರು: ಕ್ಲೋರೋಫಿಲ್, ಸ್ಟೊಮ್ಯಾಟಾ, ಫೋಟೋಸಿಂಥೆಸಿಸ್. ಅವು ಕಷ್ಟವೇ ಅಲ್ಲ! ಪಾಠದ ವಿಷಯವೇ ಅವು, ಹೇಗೂ ಚಿತ್ರ ಬರೆದು ಕಲಿಸ್ತೀವಿ. ಮಗು ಬೀಳೋದು ಯಾರೂ ಗೆರೆ ಎಳೀದ ಪದದಲ್ಲಿ. 'ರಿಲೀಸ್', 'ಅಬ್ಸಾರ್ಬ್', 'ಡಿಪೆಂಡ್', 'ಅನ್‌ಲೆಸ್', 'ರೇಟ್', 'ಡ್ಯೂ ಟು'. ಇವು ಎಲ್ಲಾ ವಿಷಯದಲ್ಲೂ ಬರುತ್ವೆ, ಹಾಗಾಗಿ ಯಾರ ವಿಷಯವೂ ಅಲ್ಲ, ಯಾರೂ ಕಲಿಸಲ್ಲ.

ಇನ್ನೊಂದು ಜಾತಿ ಇದೆ, ಪರಿಚಯದ ಮುಖವಾಡ ಹಾಕಿಕೊಂಡು ಬರೋದು. 'ವರ್ಕ್', 'ಪವರ್', 'ಟೇಬಲ್', 'ಪ್ರಾಡಕ್ಟ್'. ಮಗು ಗೊತ್ತು ಅಂದುಕೊಂಡು ಮುಂದೆ ಹೋಗುತ್ತೆ. ಗೋಡೆ ತಳ್ಳಿ ತಳ್ಳಿ ಬೆವರಿದವನು ಭೌತಶಾಸ್ತ್ರದ ಪ್ರಕಾರ ಗೋಡೆ ಮೇಲೆ ಸೊನ್ನೆ ಕೆಲಸ ಮಾಡಿದ್ದಾನೆ ಅಂದ್ರೆ ಯಾವ ಭಾಷೇಲಿ ಹೇಳಿದರೂ ಮಗು ನಂಬಲ್ಲ.

ಮೂರನೇಬೆಂಚು
ನಮ್ಮ ಸ್ಟಾಫ್ ರೂಮಿನಲ್ಲೂ ಕೆಲವರು ಅದೇ ಅರ್ಥದಲ್ಲಿ ಕೆಲಸ ಮಾಡ್ತಾರೆ.

ಸೀಮೆಸುಣ್ಣ
ಪುಟತಿರುವು, ಈ ಪಟ್ಟಿಗೆ ಕೈ ಮುಗಿದೆ. 'ರೇಟ್' ಅಂದ್ರೆ ನಮ್ಮ ಮಕ್ಕಳಿಗೆ ಬೆಲೆ ಮಾತ್ರ. 'ರೇಟ್ ಆಫ್ ರಿಯಾಕ್ಷನ್' ಅಂತ ಬೋರ್ಡ್ ಮೇಲೆ ಬರೆದು ನಾನು ಅದರ ಬಗ್ಗೆ ಒಂದು ಕ್ಷಣವೂ ಯೋಚಿಸಿಲ್ಲ.

ಉಲ್ಟಾದಾರಿ
ನಾನು ಎದುರು ದಡದವಳು. ನನ್ನ ತರಗತೀಲಿ ಕನ್ನಡವೇ ಎರಡನೇ ಭಾಷೆ. ಅರ್ಧ ಮಕ್ಕಳ ಮನೆಮಾತು ಬೇರೆ ಬೇರೆ. ಇತಿಹಾಸ ಕನ್ನಡದಲ್ಲಿ ಕಲಿಸ್ತೀನಿ. ನೀವೆಲ್ಲ ಇಂಗ್ಲಿಷ್ ಇಂಗ್ಲಿಷ್ ಅಂತ ಹೇಳ್ತಿರೋ ಕಷ್ಟ ಒಂದಕ್ಷರ ಬದಲಾಗದೆ ಇಲ್ಲೂ ಇದೆ.

ಈ ಮಕ್ಕಳು ಆಟದ ಬಯಲಲ್ಲಿ ಪಟಪಟ ಅಂತ ಕನ್ನಡ ಮಾತಾಡ್ತವೆ. ಹೊಸ ಶಿಕ್ಷಕರು ಅದನ್ನ ಕೇಳಿ 'ಓ, ಕನ್ನಡ ಬರುತ್ತೆ' ಅಂತಾರೆ. ಪುಸ್ತಕ ತೆಗೆದರೆ 'ಭೂಕಂದಾಯವನ್ನು ವಸೂಲಿ ಮಾಡಲಾಗುತ್ತಿತ್ತು'. ಯಾರು ಮಾಡ್ತಿದ್ರು? ವಾಕ್ಯದಲ್ಲಿ ಕರ್ತೃವೇ ಇಲ್ಲ. 'ಸಾಮ್ರಾಜ್ಯದ ಅವನತಿಗೆ ಆಂತರಿಕ ಕಲಹವು ಕಾರಣವಾಯಿತು.' ಮನುಷ್ಯರೆಲ್ಲ ಮಾಯ, ಬರೀ ನಾಮಪದಗಳು ಒಂದಕ್ಕೊಂದು ಏನೋ ಮಾಡಿಕೊಳ್ತಿವೆ. ಇದನ್ನ ಬಿಡಿಸಿ 'ರಾಜನ ಮಕ್ಕಳು ತಮ್ಮತಮ್ಮಲ್ಲೇ ಜಗಳ ಆಡಿದರು, ಅದಕ್ಕೇ ರಾಜ್ಯ ಸಣ್ಣದಾಗ್ತಾ ಹೋಯ್ತು' ಅಂತ ಒಂದು ಸಲ ಹೇಳಿಸಿ, ಆಮೇಲೆ ಅದೇ ಮಕ್ಕಳ ಕೈಲಿ ಮತ್ತೆ ಪುಸ್ತಕದ ವಾಕ್ಯಕ್ಕೆ ಕಟ್ಟಿಸ್ತೀನಿ. ಬಿಚ್ಚೋದು, ಕಟ್ಟೋದು. ಬಿಚ್ಚಿ ಸುಮ್ಮನಾದರೆ ಮಗುಗೆ ಪಾಠ ಗೊತ್ತಾಗುತ್ತೆ, ಪರೀಕ್ಷೆ ಪ್ರಶ್ನೆ ಗೊತ್ತಾಗಲ್ಲ.

ಆಟದ ಭಾಷೆ, ಪಾಠದ ಭಾಷೆ ಬೇರೆ ಅನ್ನೋದನ್ನ ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ವಿಂಗಡಿಸಿ ತೋರಿಸಿದ್ರು. ಕೆನಡಾಕ್ಕೆ ವಲಸೆ ಬಂದ ಮಕ್ಕಳಿಗೆ ಮಾತಿನ ಭಾಷೆ ಸುಮಾರು 2 ವರ್ಷಕ್ಕೆ ಬಂದುಬಿಡುತ್ತೆ, ಓದು-ಬರಹದ ಭಾಷೇಲಿ ಓರಗೆಯವರ ಸಮಕ್ಕೆ ಬರೋಕೆ 5ರಿಂದ 7 ವರ್ಷ ಬೇಕು ಅಂತ. ಅದೂ ಸುತ್ತಮುತ್ತ ಎಲ್ಲ ಆ ಭಾಷೆಯೇ ಇದ್ದಾಗ.

ಹಳೇಮೇಷ್ಟ್ರು
ಈ ಬರಹ ಇಷ್ಟವಾಯಿತು ತಾಯಿ. 'ಮಾಡಲಾಗುತ್ತಿತ್ತು' ಎಂಬ ವಾಕ್ಯಗಳನ್ನು 30 ವರ್ಷ ಓದಿಸಿದ್ದೇನೆ, ಅದರಲ್ಲಿ ಕರ್ತೃವೇ ಇಲ್ಲ ಎಂಬುದು ಮಗುವಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸಿರಲಿಲ್ಲ.

ತಟಸ್ಥ
5ರಿಂದ 7 ವರ್ಷ ಅಂತ ನೀವೇ ಹೇಳ್ತಿದ್ದೀರಿ, ಶಿಕ್ಷಕರಿಗೆ ಮಾತ್ರ 5 ದಿನ! ಕ್ಷಮಿಸಿ, ಬೇಡ ಅಂದರೂ ಆ ಜಗಳ ತೆಗೀತೀನಿ. ಮಲೇಷ್ಯಾ ನೆನಪಿಸಿಕೊಳ್ಳಿ. 2003ರಲ್ಲಿ ವಿಜ್ಞಾನ, ಗಣಿತ ಇಂಗ್ಲಿಷಿಗೆ ಬದಲಾಯಿಸಿದ್ರು. ಶಿಕ್ಷಕರಿಗೆ ತರಬೇತಿ, ಲ್ಯಾಪ್‌ಟಾಪು, ಪ್ರೊಜೆಕ್ಟರು, ಮೇಲೆ ಭತ್ಯೆ ಬೇರೆ. 2009ರಲ್ಲಿ ಹಿಂದೆ ಸರೀತೀವಿ ಅಂತ ಘೋಷಣೆ. ದುಡ್ಡು ಸುರಿದ ದೇಶದ ಕತೆಯೇ ಹೀಗೆ.

ಪುಟತಿರುವು
ಅರ್ಧ ಕತೆ ಹೇಳಿ ನಿಲ್ಲಿಸಬೇಡಿ. 2016ರಲ್ಲಿ ಅಲ್ಲೇ ಇಷ್ಟವಿದ್ದ ಶಾಲೆಗಳಿಗೆ ದ್ವಿಭಾಷಾ ಕಾರ್ಯಕ್ರಮ ಅಂತ ಮತ್ತೆ ಬಾಗಿಲು ತೆರೆದ್ರು.

ತಟಸ್ಥ
ಬಾಗಿಲು ತೆರೆದು ಮುಚ್ಚಿ ಆಡೋದೇ ಆಯ್ತಲ್ಲ. ಒಳಗೆ ಸಿಕ್ಕಿಕೊಂಡಿರೋ ಮಕ್ಕಳ ಗತಿ?

ಕಾವಲುಗಾರ (ನಿರ್ವಾಹಕ)
ನೀತಿಯ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ತರಬೇತಿ ಮಾತ್ರ. ತಟಸ್ಥ ಅವರೇ, ನಿಮ್ಮ ಹೆಸರಿಗಾದರೂ ಮರ್ಯಾದೆ ಕೊಡಿ.

ಬಿಳಿಹಾಳೆ
ನಾನು ಬರೆಯೋದು ಕಡಿಮೆ, ಓದೋದೇ ಜಾಸ್ತಿ. ಆದರೆ ಒಂದು ಅನುಭವ ಹೇಳಲೇಬೇಕು. ನಾನು ಹೋಗಿದ್ದ ತರಬೇತಿಯ ಮೊದಲ ದಿನ ಬೆಳಿಗ್ಗೆ ತರಬೇತುದಾರರು ಒಳಗೆ ಬಂದರು, ನಮಸ್ಕಾರ ಇಲ್ಲ ಪರಿಚಯ ಇಲ್ಲ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೇಲಿ ಪಾಠ ಶುರು ಮಾಡಿದ್ರು. 20 ನಿಮಿಷ. ಬೋರ್ಡ್ ಮೇಲೆ ಏನೋ ಬರೆದ್ರು, ಏನೋ ಕೇಳಿದ್ರು, ಮತ್ತೆ ಮತ್ತೆ ಒಂದೇ ಪ್ರಶ್ನೆ. ಅದು 'ಅರ್ಥ ಆಯ್ತಾ?' ಅಂತ ಧ್ವನಿಯಿಂದಲೇ ಗೊತ್ತಾಯ್ತು. ನಾವು 30 ಜನ, ಎಲ್ಲರೂ ಪದವೀಧರರು, ಒಟ್ಟಿಗೆ ತಲೆ ಅಲ್ಲಾಡಿಸಿದ್ವಿ. ಯಾಕೆ ಅಲ್ಲಾಡಿಸಿದೆ ಅಂತ ಈಗಲೂ ಗೊತ್ತಿಲ್ಲ. ಬಿಟ್ಟರೆ ಸಾಕಾಗಿತ್ತು.

ಆಮೇಲೆ ಅದೇ ಪಾಠ, ಅದೇ ಭಾಷೇಲಿ, ಎರಡನೇ ಸಲ. ಈ ಸಲ ಒಂದು ಬಲೂನು, ಒಂದು ಬಾಟಲಿ, ಬಿಸಿ ನೀರು, ತಣ್ಣೀರು. ಆರು ಪದ ಮಾತ್ರ, ಪ್ರತಿ ಪದಕ್ಕೂ ಚಿತ್ರ, ನಮ್ಮ ಬಾಯಲ್ಲೂ ಹೇಳಿಸಿದ್ರು. ಗಾಳಿ ಬಿಸಿಯಾದರೆ ಹಿಗ್ಗುತ್ತೆ ಅನ್ನೋದನ್ನ ಆ ಭಾಷೇಲಿ ನಾನು ತೊದಲಿ ತೊದಲಿ ಹೇಳಿದೆ! ಇವತ್ತಿಗೂ ಆ ವಾಕ್ಯ ನೆನಪಿದೆ.

ಆ ಮೊದಲ 20 ನಿಮಿಷದ ನಂತರ ನಾನು ತರಗತೀಲಿ 'ಅರ್ಥ ಆಯ್ತಾ?' ಅಂತ ಕೇಳೋದು ಬಿಟ್ಟೆ.

ಮೂರನೇಬೆಂಚು
ಮತ್ತೆ ಏನು ಕೇಳ್ತೀರಿ?

ಬಿಳಿಹಾಳೆ
'ಬಲೂನು ಈಗ ಏನಾಗುತ್ತೆ, ತೋರಿಸು' ಅಂತೀನಿ. ಕೈಯಲ್ಲಿ ತೋರಿಸಿದರೂ ಸರಿ, ಚಿತ್ರ ಬರೆದರೂ ಸರಿ, ಪಕ್ಕದೋನಿಗೆ ಮನೆಮಾತಲ್ಲಿ ಹೇಳಿದರೂ ಸರಿ.

ಶಿಸ್ತು_ಸಿಪಾಯಿ
ಮನೆಮಾತಲ್ಲಿ ಹೇಳಿದರೂ ಸರಿ ಅಂದ್ರೆ ಏನರ್ಥ? ಆಗ ಎರಡನೇ ಭಾಷೆಯ ತರಗತಿ ಅಂತ ಯಾಕೆ ಕರೀಬೇಕು? ಒಂದು ಸಲ ಸಡಿಲ ಬಿಟ್ಟರೆ ಮುಗೀತು, ಮಕ್ಕಳು ಕಾಯ್ತಾ ಕೂರ್ತಾರೆ, ಮೇಡಂ ಹೇಗೂ ಕನ್ನಡದಲ್ಲಿ ಹೇಳ್ತಾರೆ ಅಂತ. ನಾನು ಹೇಗೆ ಕಲಿತೆ? ಬಾಗಿಲ ಹೊರಗೆ ಕನ್ನಡ ಬಿಟ್ಟು ಒಳಗೆ ಬಾ ಅಂತಿದ್ರು ನಮ್ಮ ಗುರುಗಳು.

ಉಲ್ಟಾದಾರಿ
ಕನ್ನಡ ಹೊರಗೆ ಬಿಟ್ಟು ಬಂದ ನಿಮ್ಮ ಸಹಪಾಠಿಗಳಲ್ಲಿ ಎಷ್ಟು ಜನ ಕೊನೇತನಕ ಬಾಯೇ ತೆರೀಲಿಲ್ಲ, ಲೆಕ್ಕ ಇದೆಯಾ?

ಕರಿಹಲಗೆ
ಇಬ್ಬರೂ ಸ್ವಲ್ಪ ನಿಲ್ಲಿ. ಶಿಸ್ತು_ಸಿಪಾಯಿ ಹೇಳಿದ ಭಯ ಸುಳ್ಳಲ್ಲ. ಪ್ರತಿ ವಾಕ್ಯಕ್ಕೂ ಬೆನ್ನಿಗೇ ಅನುವಾದ ಕೊಟ್ಟರೆ ಮಕ್ಕಳು ಮೊದಲನೇ ವಾಕ್ಯ ಕೇಳಿಸಿಕೊಳ್ಳೋದೇ ಇಲ್ಲ, ಎರಡನೇದಕ್ಕೆ ಕಾಯ್ತಾರೆ. ಅದನ್ನ ನಾನೇ ಕಂಡಿದ್ದೀನಿ. ಆದರೆ ಮನೆಮಾತನ್ನ ಯೋಜನೆ ಮಾಡಿ ಬಳಸೋದು ಬೇರೆ, ಸೋತು ಬಳಸೋದು ಬೇರೆ.

ವೇಲ್ಸ್‌ನಲ್ಲಿ ಕೆನ್ ವಿಲಿಯಮ್ಸ್ ಅನ್ನೋ ಶಿಕ್ಷಣತಜ್ಞರು 1990ರ ದಶಕದಲ್ಲಿ 'ಟ್ರೌಸ್‌ಯೈಥಿ' ಅಂತ ವೆಲ್ಷ್ ಭಾಷೆಯ ಹೆಸರಿಟ್ಟು ಹೇಳಿದ್ದು ಇದನ್ನೇ. ಒಂದು ಭಾಷೇಲಿ ಓದು, ಇನ್ನೊಂದರಲ್ಲಿ ಬರಿ. ಇಂಗ್ಲಿಷಿನಲ್ಲಿ ಒಂದು ಪುಟ ಓದಿ ವೆಲ್ಷ್‌ನಲ್ಲಿ ಚರ್ಚೆ. ನಕಲು ಹೊಡೆದು ಹಾಗೆ ಮಾಡೋಕಾಗಲ್ಲ. ಅರ್ಥ ಆಗಿದ್ರೆ ಮಾತ್ರ ಇನ್ನೊಂದು ಭಾಷೆಗೆ ದಾಟಿಸಬಹುದು. ತರಬೇತೀಲಿ ಶಿಕ್ಷಕರ ಕೈಲಿ ಪಾಠದ ಯೋಜನೆ ಬರೆಸುವಾಗ ಎಲ್ಲಿ ಕನ್ನಡ, ಎಷ್ಟು ನಿಮಿಷ, ಯಾತಕ್ಕೆ ಅಂತ ಒಂದು ಅಂಕಣ ಇಡಿಸಿ. ಗುಟ್ಟಾಗಿ, ತಪ್ಪಿತಸ್ಥರ ಹಾಗೆ ಕನ್ನಡ ಬಳಸೋದು ನಿಲ್ಲುತ್ತೆ.

ಶಿಸ್ತು_ಸಿಪಾಯಿ
ಅಂಕಣ ಇಟ್ಟು ನಿಮಿಷ ಲೆಕ್ಕ ಹಾಕಿದರೆ ನನಗೆ ತಕರಾರಿಲ್ಲ. ಉಲ್ಟಾದಾರಿಯವರೇ, ನೀವು ಕೇಳಿದ್ದಕ್ಕೆ ಲೆಕ್ಕ ಇಲ್ಲ. ಇಬ್ಬರು ಮೂವರು ನೆನಪಿಗೆ ಬಂದರು, ನಿಜ.

ಪದಬಂಧ
ವಿಷಯಾಂತರ: ಪತ್ರಹರಿತ್ತು, ದ್ಯುತಿಸಂಶ್ಲೇಷಣೆ ಇವೇನು ಮನೆಮಾತಾ? ನಮ್ಮ ಅಜ್ಜಿಗೆ ಎರಡೂ ಗೊತ್ತಿಲ್ಲ, ಕ್ಲೋರೋಫಿಲ್ಲೂ ಗೊತ್ತಿಲ್ಲ.

ಪುಟತಿರುವು
ಆದರೂ ಪತ್ರಹರಿತ್ತು ಅಂದಾಗ ಎಲೆ, ಹಸಿರು ಎರಡೂ ಪದದೊಳಗೇ ಕೂತಿವೆ. ಕ್ಲೋರೋಫಿಲ್‌ನಲ್ಲೂ ಅದೇ ಕೂತಿದೆ, ಗ್ರೀಕ್‌ನಲ್ಲಿ: ಕ್ಲೋರೋಸ್ ಅಂದ್ರೆ ತಿಳಿಹಸಿರು, ಫಿಲ್ಲೋನ್ ಅಂದ್ರೆ ಎಲೆ. ಎರಡನ್ನೂ ಅಕ್ಕಪಕ್ಕ ಬರೆದು ಬಿಡಿಸಿ ತೋರಿಸಿದ್ರೆ ಎರಡು ನಿಮಿಷದ ಕೆಲಸ. ಮಕ್ಕಳು ಆಮೇಲೆ 'ಫೋಟೋ' ಕಂಡಲ್ಲೆಲ್ಲ ಬೆಳಕು ಹುಡುಕ್ತಾರೆ.

ಮೇಷ್ಟ್ರಮಗಳು
ತರಬೇತೀಲಿ ಎಲ್ಲರೂ ಮರೆಯೋದು ಶಿಕ್ಷಕರ ಮಾತು ಕಡಿಮೆ ಮಾಡಿಸೋದು. ಕೆನಡಾದ ಫ್ರೆಂಚ್ ಇಮರ್ಷನ್ (ಪಾಠಗಳನ್ನ ಫ್ರೆಂಚಿನಲ್ಲೇ ಕಲಿಸೋ) ಶಾಲೆಗಳ ಪಾಠ ಇದು. 1965ರಲ್ಲಿ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಪೋಷಕರು ಪಟ್ಟು ಹಿಡಿದು ಶುರು ಮಾಡಿಸಿದ್ದು. ಮಕ್ಕಳು ಫ್ರೆಂಚ್ ಕೇಳಿ, ಓದಿ ಅರ್ಥ ಮಾಡ್ಕೊಳ್ಳೋದರಲ್ಲಿ ತುಂಬಾ ಮುಂದೆ ಹೋದರು, ವಿಷಯಜ್ಞಾನವೂ ಕುಂದಲಿಲ್ಲ. ಆದರೆ ವರ್ಷಗಟ್ಟಲೆ ಕಲಿತ ಮೇಲೂ ಮಾತು, ಬರಹದಲ್ಲಿ ತಪ್ಪುಗಳು ಹಾಗೇ ಉಳಿದ್ವು. ಕೇಳಿಸಿಕೊಂಡರೆ ಸಾಲಲ್ಲ, ಕಲಿಯೋರು ತಾವೇ ಮಾತು ಕಟ್ಟಬೇಕು ಅಂತ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದ್ದು ಇದನ್ನ ನೋಡಿಯೇ.

ನಮ್ಮ ತರಗತೀಲಿ ಯಾರು ಮಾತಾಡ್ತಾರೆ? ನಾವೇ. ಪ್ರಶ್ನೆ ಕೇಳಿ ಒಂದು ಸೆಕೆಂಡಿಗೆ ನಾವೇ ಉತ್ತರ ಹೇಳಿಬಿಡ್ತೀವಿ. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ಹೊತ್ತಿಗೆ ವಿಜ್ಞಾನ ತರಗತಿಗಳನ್ನ ರೆಕಾರ್ಡ್ ಮಾಡಿ ಇದನ್ನೇ ಅಳೆದ್ರು. ಶಿಕ್ಷಕರು ಕಾಯೋದು ಸರಾಸರಿ 1 ಸೆಕೆಂಡು. 3 ಸೆಕೆಂಡು ಕಾದ್ರೆ ಉತ್ತರಗಳು ಉದ್ದ ಆಗ್ತವೆ, ಸುಮ್ಮನಿರೋ ಮಕ್ಕಳೂ ಬಾಯಿ ಬಿಡ್ತಾರೆ. ಆ ಮಕ್ಕಳು ತಮ್ಮದೇ ಭಾಷೇಲಿ ಯೋಚನೆ ಮಾಡ್ತಿದ್ದವು! ನಮ್ಮ ಮಕ್ಕಳು ಪ್ರಶ್ನೆ ಅರ್ಥ ಮಾಡ್ಕೊಂಡು, ಉತ್ತರ ಹುಡುಕಿ, ಪದ ಜೋಡಿಸಿ ಬಾಯಿಗೆ ತರಬೇಕು. ಶಿಕ್ಷಕರ ಮೊಬೈಲ್‌ನಲ್ಲೇ ಅವರ ಒಂದು ಪಾಠ ರೆಕಾರ್ಡ್ ಮಾಡಿಸಿ ಕೇಳಿಸಿ, ಬೇರೆ ಉಪದೇಶವೇ ಬೇಡ. ನಾನು ನನ್ನದು ಕೇಳಿದೆ. 40 ನಿಮಿಷದ ಪಾಠದಲ್ಲಿ ಮಕ್ಕಳ ಬಾಯಿಂದ ಬಂದ ಅತಿ ಉದ್ದದ ವಾಕ್ಯ 'ಎಸ್ ಮಿಸ್'.

ಮೂರನೇಬೆಂಚು
ಈಗಷ್ಟೇ ಕೈಗಡಿಯಾರ ಹಿಡಿದು 3 ಸೆಕೆಂಡ್ ಸುಮ್ಮನಿದ್ದು ನೋಡಿದೆ. ಯುಗ ಕಳೆದ ಹಾಗಾಯ್ತು.

ತಟಸ್ಥ
ಜಗಳ ಬಿಟ್ಟು ಒಂದು ನಿಜವಾದ ಪ್ರಶ್ನೆ. ಮೌಲ್ಯಮಾಪನ ಹೇಗೆ? ಮಗು 'ಪ್ಲಾಂಟ್ ಟೇಕ್ ಸನ್‌ಲೈಟ್, ಮೇಕ್ ಫುಡ್, ಗಿವ್ ಆಕ್ಸಿಜನ್' ಅಂತ ಬರೆದರೆ ಎಷ್ಟು ಅಂಕ?

ಬಿಳಿಹಾಳೆ
ವಿಜ್ಞಾನಕ್ಕೆ ಪೂರ್ತಿ.

ಶಿಸ್ತು_ಸಿಪಾಯಿ
ಪೂರ್ತಿನಾ? ಮೂರು ಕ್ರಿಯಾಪದ, ಮೂರೂ ತಪ್ಪು.

ಬಿಳಿಹಾಳೆ
ಗಿಡ ಏನು ತಗೊಳ್ಳುತ್ತೆ, ಏನು ಮಾಡುತ್ತೆ, ಏನು ಕೊಡುತ್ತೆ, ಮೂರೂ ಸರಿ ಇದೆಯಲ್ಲ. ಪಕ್ಕದ ಬೆಂಚಿನವನು ಪುಸ್ತಕದ ವಾಕ್ಯ ಒಂದು ಚುಕ್ಕಿ ಬಿಡದೆ ಬರೆದಿದ್ದ. 'ಹಾಗಾದ್ರೆ ಗಿಡವನ್ನ ಕತ್ತಲೆ ಕೋಣೇಲಿಟ್ಟರೆ?' ಅಂದೆ. ಮುಖ ನೋಡಿದ. ಅವನಿಗೆ ಪೂರ್ತಿ ಕೊಟ್ಟು ಇವಳಿಗೆ ಕತ್ತರಿ ಹಾಕಲಾ?

ಕರಿಹಲಗೆ
ಎರಡು ಸಾಲು ಇಡಿ. ವಿಷಯದ ಅಂಕ ಒಂದು ಕಡೆ. ಭಾಷೆಗೆ ಅಂಕ ಕಳೀದೆ, ಆ ಪಾಠಕ್ಕೆ ಅಂತ ಆರಿಸಿಕೊಂಡ ಒಂದೇ ಒಂದು ಭಾಷಾಂಶದ ಬಗ್ಗೆ ಟಿಪ್ಪಣಿ. ಎಲ್ಲಾ ತಪ್ಪಿಗೂ ಕೆಂಪು ಇಂಕು ಸುರಿದ್ರೆ ಮುಂದಿನ ಸಲ ಮಗು ಮೂರು ಪದ ಬರೆದು ನಿಲ್ಲಿಸುತ್ತೆ.

ಹಾಗಂತ ತಿದ್ದಲೇಬಾರದು ಅಂತಲ್ಲ. ತರಗತೀಲಿ ಮಗು ತಪ್ಪು ಹೇಳಿದಾಗ ನಾವು ಸರಿಯಾದ್ದನ್ನ ಮೆತ್ತಗೆ ಹೇಳಿ ಮುಂದೆ ಹೋಗ್ತೀವಲ್ಲ, ಮಗುಗೆ ಅದು ಹೊಗಳಿಕೆ ಥರ ಕೇಳಿಸುತ್ತೆ. ಲಿಸ್ಟರ್ ಮತ್ತು ರಾಂಟಾ ಅನ್ನೋ ಸಂಶೋಧಕರು 1997ರಲ್ಲಿ ಇಮರ್ಷನ್ ತರಗತಿಗಳಲ್ಲಿ ಎಣಿಸಿದಾಗ ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥವೇ ಇದ್ವು, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇವಕ್ಕೇ. 'ದ ಪ್ಲಾಂಟ್...?' ಅಂತ ಅರ್ಧಕ್ಕೆ ನಿಲ್ಲಿಸಿ ಮಗು ಕೈಲೇ ಸರಿ ಮಾಡಿಸಿದ್ರೆ ಕೆಲಸ ಆಗುತ್ತೆ. ಇದನ್ನ ತರಬೇತೀಲಿ ಜೋಡಿ ಮಾಡಿ ಅಭ್ಯಾಸ ಮಾಡಿಸಬೇಕು, ಭಾಷಣದಿಂದ ಬರಲ್ಲ.

ಹಳೇಮೇಷ್ಟ್ರು
ನಾನು ಮೊದಲು ಹೇಳಿದ್ದನ್ನು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ಆ ಹುಡುಗಿಯ ವಾಕ್ಯ ತಪ್ಪೆಂದು ತಿಳಿಯುವಷ್ಟು ಭಾಷೆ ಶಿಕ್ಷಕರಿಗಿರಬೇಕಲ್ಲ? ಆದರೆ ಆರು ತಿಂಗಳ ವ್ಯಾಕರಣ ಎಂದದ್ದು ಹೆಚ್ಚಾಯಿತು. ಒಂದು ಕೇಳುತ್ತೇನೆ ಸೀಮೆಸುಣ್ಣ ಅವರೇ. ನಿಮ್ಮ 22 ಜನರಲ್ಲಿ ಭಾಷಾ ಶಿಕ್ಷಕರು ಎಷ್ಟು ಮಂದಿ?

ಸೀಮೆಸುಣ್ಣ
ಒಬ್ಬರೂ ಇಲ್ಲ ಸರ್. ಅವರಿಗೆ ಇಂಗ್ಲಿಷ್ ಬರುತ್ತಲ್ಲ ಅಂತ ಪಟ್ಟೀಲಿ ಸೇರಿಸಿಲ್ಲ.

ಹಳೇಮೇಷ್ಟ್ರು
ಅವರನ್ನೇ ಮೊದಲು ಸೇರಿಸಿ. ಭೂಗೋಳದವರು, ಭಾಷೆಯವರು ಅಕ್ಕಪಕ್ಕ ಕುಳಿತು ಒಂದು ಪಾಠ ಕಟ್ಟಲಿ. ನಾನು ಭಾಷಾ ಶಿಕ್ಷಕನೇ ಆಗಿದ್ದೆ. ಪಕ್ಕದ ಕೋಣೆಯ ವಿಜ್ಞಾನದ ಪುಸ್ತಕದಲ್ಲಿ ಯಾವ ವಾಕ್ಯಗಳಿವೆ ಎಂದು ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ತೆರೆದು ನೋಡಲಿಲ್ಲ.

ಮೇಷ್ಟ್ರಮಗಳು
5 ದಿನಾನೂ ಒಟ್ಟಿಗೆ ಮುಗಿಸಬೇಡಿ. 3 ದಿನ ಈಗ, ಉಳಿದ 2 ದಿನ ತಿಂಗಳಿಗೊಂದರ ಹಾಗೆ. ಮಧ್ಯೆ ಒಬ್ಬರ ತರಗತೀಲಿ ಇನ್ನೊಬ್ಬರು ಕೂತು ನೋಡಲಿ. ತರಬೇತಿ ಕೋಣೇಲಿ ಕಲಿತದ್ದು ಜೊತೇಲಿ ಯಾರಾದರೂ ಇಲ್ಲದಿದ್ರೆ ತರಗತಿ ಬಾಗಿಲು ದಾಟಲ್ಲ ಅಂತ ಜಾಯ್ಸ್, ಶವರ್ಸ್ ಅನ್ನೋ ಇಬ್ಬರು ಸಂಶೋಧಕರು 1980ರ ದಶಕದಿಂದ ಹೇಳ್ತಾನೇ ಬಂದಿದ್ದಾರೆ.

ಸೀಮೆಸುಣ್ಣ
ಮೊದಲ 3 ದಿನ ಮುಗಿಸಿ ಬಂದೆ, ವರದಿ ಒಪ್ಪಿಸ್ತೀನಿ. ಇಬ್ಬರು ಭಾಷಾ ಶಿಕ್ಷಕರು ಸೇರಿ 24 ಜನ.

ಮೊದಲ ದಿನ ಬಿಳಿಹಾಳೆಯವರ ಉಪಾಯ ಮಾಡಿದೆ. ಗೊತ್ತಿಲ್ಲದ ಭಾಷೆಯ ಪಾಠಕ್ಕೆ ಗೆಳತಿಯೊಬ್ಬಳನ್ನ ಕರೆಸಿದ್ದೆ. ಎಲ್ಲರೂ ತಲೆ ಅಲ್ಲಾಡಿಸಿದ್ರು, ನಕ್ಕರು, ಚೆನ್ನಾಗಾಯ್ತು ಅಂದುಕೊಂಡೆ. ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಎದ್ದು ಹೊರಗೆ ಹೋದ್ರು. ಆಮೇಲೆ ಹೇಳಿದ್ರು, 'ನಿನಗೆ ಇದು ಆಟ. ನನಗೆ ಏಳನೇ ತರಗತಿ ನೆನಪಾಯ್ತು.' ಕ್ಷಮೆ ಕೇಳಿದೆ. ಮುಂಚೇನೇ ಹೇಳಿ ಮಾಡಬೇಕಿತ್ತೋ, ಹೇಳಿದ್ರೆ ಪರಿಣಾಮ ಇರ್ತಿರಲಿಲ್ಲವೋ, ಇನ್ನೂ ಗೊತ್ತಾಗ್ತಿಲ್ಲ. ಆದರೆ ಮೂರನೇ ದಿನ ಎಲ್ಲರಿಗಿಂತ ಒಳ್ಳೆ ಪಾಠ ಕಟ್ಟಿದ್ದು ಅವರೇ, ಭಿನ್ನರಾಶಿ. ಗಣಿತದಹುಚ್ಚ ಸರ್ ಹೇಳಿದ ಮೇಲೆ-ಕೆಳಗೆ ವಿಷಯ ಎತ್ತಿದ ಕೂಡಲೇ 'ಅಯ್ಯೋ, ಅದಕ್ಕೇನಾ' ಅಂದ್ರು.

ಎರಡನೇ ದಿನದ ಪೆನ್ಸಿಲ್ ಕೆಲಸ ಅರ್ಧ ದಿನ ಅಂದುಕೊಂಡಿದ್ದು ಇಡೀ ದಿನ ಹಿಡೀತು. ಪುಟತಿರುವು ಎಚ್ಚರಿಸಿದ ಹಾಗೇ ಉದ್ದ ಪದಗಳಿಗೇ ಗೆರೆ ಬಿತ್ತು. 'ಡ್ಯೂ ಟು'ಗೆ ಗೆರೆ ಎಳೆದೋರು ಇಬ್ಬರೇ, ಇಬ್ಬರೂ ಭಾಷಾ ಶಿಕ್ಷಕರು. ಹಾಗಾಗಿ ವಾಕ್ಯದ ಅಚ್ಚುಗಳಿಗೆ ಸಮಯ ಸಾಲಲಿಲ್ಲ, ತಿದ್ದೋ ಅಭ್ಯಾಸ ಪೂರ್ತಿ ಬಿಟ್ಟುಹೋಯ್ತು. ಮುಂದಿನ ತಿಂಗಳಿಗೆ ಇಟ್ಟಿದ್ದೀನಿ.

ಈಗ ಹೊಸ ಕಷ್ಟ. ಒಬ್ಬರ ತರಗತೀಲಿ ಇನ್ನೊಬ್ಬರು ಕೂರಬೇಕಂದ್ರೆ ಇಬ್ಬರ ಬಿಡುವಿನ ಪಿರಿಯಡ್ ಹೊಂದಲ್ಲ. ಟೈಮ್‌ಟೇಬಲ್ ಯಾರು ಮುಟ್ಟಬೇಕು ಅಂತ ನಾಲ್ಕು ದಿನದಿಂದ ಮಾತುಕತೆ ನಡೀತಿದೆ.

ಗಣಿತದಹುಚ್ಚ
ಟೈಮ್‌ಟೇಬಲ್ ಮುಟ್ಟಬೇಡಿ, ಕೈ ಸುಟ್ಟುಕೊಳ್ತೀರಿ. ಮೇಷ್ಟ್ರಮಗಳು ಹೇಳಿದ ರೆಕಾರ್ಡಿಂಗ್ ಇದೆಯಲ್ಲ, 10 ನಿಮಿಷದ್ದು ಮಾಡಿ ಜೊತೆಗಾರರಿಗೆ ಕಳಿಸಲಿ. ಆ ಭಿನ್ನರಾಶಿ ಪಾಠದ ಹಾಳೆ ಇದ್ದರೆ ಇಲ್ಲಿ ಹಾಕಿ, ಅವರನ್ನ ಒಂದು ಮಾತು ಕೇಳಿ.

ಸೀಮೆಸುಣ್ಣ
ಕೇಳಿದೆ. 'ಇಂಗ್ಲಿಷ್ ತಪ್ಪಿದ್ರೆ ನಗ್ತಾರೆ' ಅಂದ್ರು. ಹಳೇಮೇಷ್ಟ್ರು ಸರ್, ನೀವೇ ಒಂದು ಸಲ ನೋಡಿಕೊಡ್ತೀರಾ?

ಹಳೇಮೇಷ್ಟ್ರು
ಕಳಿಸಿ. ಕೆಂಪು ಇಂಕು ಬಳಸುವುದಿಲ್ಲ ಎಂದು ಅವರಿಗೆ ಹೇಳಿ.